ಮರಳುದಿಬ್ಬದ ಆಚೆ: ಥಾರ್‌ನಲ್ಲಿ ಕೇರ್ ಹೂ ಬಿಡುವ ಕಾಲ

ಥಾರ್ ಮರುಭೂಮಿಗೆ ಹೋಗಿಬಂದವರನ್ನು ಕೇಳಿ ನೋಡಿ, ಡಿಸೆಂಬರ್‌ನಲ್ಲಿ ಹೋಗಿ ಎನ್ನುತ್ತಾರೆ. ನಾನೂ ಮೊದಲ ಸಲ ಹಾಗೆಯೇ ಹೋಗಿ, ಸಮ್ ಮರಳುದಿಬ್ಬಗಳ ಮೇಲೆ ಒಂಟೆ ಹತ್ತಿ, ಸೂರ್ಯಾಸ್ತದ ಫೋಟೊ ಹಿಡಿದು ಬಂದಿದ್ದೆ. ಆ ಫೋಟೊಗಳನ್ನೆಲ್ಲ ನೋಡಿ ಮುಗಿಸಿದ ಅಕ್ಕ ಕೇಳಿದ್ದು ಒಂದೇ ಮಾತು: “ಗಿಡ ಎಲ್ಲೋ?” ಮೂವತ್ತು ವರ್ಷ ಸಸ್ಯಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು ಅವಳು. ಪಾಠದಲ್ಲಿ ನೂರು ಸಲ ಹೇಳಿ, ಕಣ್ಣಿನಿಂದ ಒಮ್ಮೆಯೂ ನೋಡದ ಗಿಡಗಳ ಪಟ್ಟಿಯೊಂದು ಅವಳ ಬಳಿ ಇದೆ. ಅದರಲ್ಲಿ ಮೊದಲನೆಯದು ಕರೀರ. ಅದಕ್ಕಾಗಿಯೇ ಈ ಮಾರ್ಚ್ ಮೂರನೆಯ ವಾರದಲ್ಲಿ ಇಬ್ಬರೂ ಜೋಧಪುರದ ರೈಲು ಹತ್ತಿದೆವು.

ಕರೀರದ ಹೆಸರು ಶಾಲೆಯಲ್ಲಿ ಸಂಸ್ಕೃತ ಓದಿದವರಿಗೆ ಹೊಸದಲ್ಲ. ಕರೀರಕ್ಕೆ ಎಲೆ ಬಾರದಿದ್ದರೆ ವಸಂತನ ತಪ್ಪೇನು ಎಂದು ಕೇಳುವ ಸುಭಾಷಿತವನ್ನು ನಾವೆಲ್ಲ ಬಾಯಿಪಾಠ ಮಾಡಿದವರೇ. ಮಳೆ ಬೇಡಿ ಮಾಡುವ ಕಾರೀರೀಷ್ಟಿ ಯಾಗಕ್ಕೂ ಆ ಹೆಸರು ಬಂದದ್ದು ಇದರಿಂದ. ಮಾರವಾಡದಲ್ಲಿ ಇದನ್ನು ಕೇರ್ ಎನ್ನುತ್ತಾರೆ. ನಮ್ಮ ಗೇರಿಗೂ ಇದಕ್ಕೂ ಯಾವ ನಂಟೂ ಇಲ್ಲ. ಸಸ್ಯಶಾಸ್ತ್ರದ ಹೆಸರು ಕಪ್ಪಾರಿಸ್ ಡೆಸಿಡುವಾ. ಪಿಜ್ಜಾದ ಮೇಲೆ ಉಪ್ಪಿನಲ್ಲಿ ಹಾಕಿದ ಪುಟ್ಟ ಹಸಿರು ಮೊಗ್ಗುಗಳನ್ನು ತಿಂದಿದ್ದರೆ, ಆ ಕೇಪರ್ ಗಿಡ ಇದರ ಹತ್ತಿರದ ಬಂಧು. ಆಫ್ರಿಕಾದ ಸಹಾರಾದ ಅಂಚಿನಿಂದ ಅರೇಬಿಯಾ, ಇರಾನ್, ಪಾಕಿಸ್ತಾನಗಳನ್ನು ದಾಟಿ ನಮ್ಮ ಥಾರ್‌ವರೆಗೆ ಕೇರ್ ಹರಡಿಕೊಂಡಿದೆ.

ಮೊದಲು ಕಾಲದ ಲೆಕ್ಕ. ಚಳಿಗಾಲದಲ್ಲಿ ಹೋದರೆ ಕೇರ್ ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಬಿದ್ದರೂ ಯಾರೋ ಹಸಿರು ತಂತಿಯನ್ನು ಸಿಕ್ಕು ಮಾಡಿ ಎಸೆದು ಹೋದಂತೆ ಕಾಣುತ್ತದೆ, ಅಷ್ಟೇ. ಮಾರ್ಚ್‌ನಿಂದ ಏಪ್ರಿಲ್‌ವರೆಗೆ ಅದೇ ಸಿಕ್ಕಿನ ಮೇಲೆ ಇಟ್ಟಿಗೆ ಕೆಂಪಿನ ಹೂ ಕವಿದುಕೊಳ್ಳುತ್ತದೆ. ಮಳೆಗಾಲದ ಕೊನೆಯಲ್ಲಿ, ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೆ, ಇನ್ನೊಂದು ಸುತ್ತು ಹೂ ಬಿಡುವುದುಂಟು. ಆದರೆ ವಸಂತದ ಹೂವೇ ಜೋರು. ಮಾರ್ಚ್ ಕೊನೆಗೆ ಬಿಸಿಲು ಏರುತ್ತದೆ, ನಿಜ. ಬೆಳಗ್ಗೆ ಆರೂವರೆಗೆ ಹೊರಟು ಹತ್ತೂವರೆಗೆ ಕೋಣೆ ಸೇರಿ, ಮತ್ತೆ ಸಂಜೆ ಐದಕ್ಕೆ ಹೊರಬಿದ್ದರೆ ಸಾಕು. ಪ್ರವಾಸಿಗರ ದಟ್ಟಣೆ ಕರಗಿರುವುದರಿಂದ ಕೋಣೆಗಳ ಬಾಡಿಗೆಯೂ ಇಳಿದಿರುತ್ತದೆ.

ಬೆಂಗಳೂರಿನಿಂದ ಹುಬ್ಬಳ್ಳಿ, ಬೆಳಗಾವಿ, ಪುಣೆ, ಅಹಮದಾಬಾದ್ ಮಾರ್ಗವಾಗಿ ಜೋಧಪುರಕ್ಕೆ ನೇರ ರೈಲಿದೆ. ಎರಡು ರಾತ್ರಿಯ ಪ್ರಯಾಣ. ದಿನವೂ ಓಡುವುದಿಲ್ಲವಾದ್ದರಿಂದ ವಾರ ನೋಡಿಕೊಂಡು ಟಿಕೆಟ್ ಮಾಡಿಸಿ. ವಿಮಾನಕ್ಕಿಂತ ಇದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಗುಜರಾತ್ ದಾಟಿ ಆಬು ರೋಡ್ ಕಳೆದ ಮೇಲೆ ಕಿಟಕಿಯ ಹೊರಗೆ ನೆಲ ಒಣಗುತ್ತ, ಮರಗಳು ಗಿಡಗಳಾಗುತ್ತ ಹೋಗುವುದು ಕಾಣುತ್ತದೆ. ಪಾಲಿಯ ಹತ್ತಿರ ಹಳಿಯ ಪಕ್ಕದಲ್ಲಿ ಮೊದಲ ಕೇರ್ ಕಂಡಾಗ ಅಕ್ಕ ಚಹಾದ ಲೋಟವನ್ನು ನನ್ನ ಕೈಗೆ ತುರುಕಿ ಎದ್ದು ನಿಂತಳು. ಅಷ್ಟರಲ್ಲಿ ರೈಲು ಮುಂದೆ ಹೋಗಿತ್ತು.

ಗಿಡ ನೋಡಲು ಹೋಗುವವರು ಜೈಸಲ್ಮೇರ್‌ಗೆ ಓಡುವ ಮೊದಲು ಜೋಧಪುರದಲ್ಲೇ ಎರಡು ಬೆಳಗು ಕಳೆಯಬೇಕು. ಮೆಹ್ರಾನ್‌ಗಢ ಕೋಟೆಯ ಬುಡದಲ್ಲಿ ಸುಮಾರು 70 ಹೆಕ್ಟೇರ್ ಬಂಡೆನೆಲದಲ್ಲಿ ರಾವ್ ಜೋಧಾ ಡೆಸರ್ಟ್ ರಾಕ್ ಪಾರ್ಕ್ ಇದೆ. ಕೆಲಸ ಶುರುವಾದದ್ದು 2006ರಲ್ಲಿ, ಜನರಿಗೆ ತೆರೆದದ್ದು 2011ರಲ್ಲಿ. ಅದಕ್ಕೂ ಮೊದಲು ಇಲ್ಲಿ ಇದ್ದದ್ದೆಲ್ಲ ಒಂದೇ ಗಿಡ: ಅಲ್ಲಿನವರು ಬಾವ್ಳಿಯಾ ಎನ್ನುವ ಬಳ್ಳಾರಿ ಜಾಲಿ. ಹೌದು, ನಮ್ಮ ಕೆರೆ ಅಂಗಳಗಳನ್ನೆಲ್ಲ ನುಂಗಿರುವ ಅದೇ ಮೆಕ್ಸಿಕೊ ಮೂಲದ ಗಿಡ. ಮಹಾರಾಜರ ಕಾಲದಲ್ಲಿ ವಿಮಾನದಿಂದ ಇದರ ಬೀಜ ಎರಚಿಸಿದರು ಎಂಬುದು ಜೋಧಪುರದಲ್ಲಿ ಎಲ್ಲರ ಬಾಯಲ್ಲಿರುವ ಮಾತು. ಮೇಲೆ ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಬೇರು ಕೀಳೋಣವೆಂದರೆ ಕೆಳಗಿರುವುದು ಜ್ವಾಲಾಮುಖಿ ಉಗುಳಿದ ರಯೊಲೈಟ್ ಶಿಲೆ, ಸುಮಾರು 75 ಕೋಟಿ ವರ್ಷ ಹಳೆಯದು. ಉದ್ಯಾನ ರೂಪಿಸಿದ ಪರಿಸರತಜ್ಞ ಪ್ರದೀಪ್ ಕೃಷೆನ್ ನೇತೃತ್ವದ ತಂಡಕ್ಕೆ ಕೊನೆಗೆ ನೆರವಾದವರು ಕಲ್ಲು ಗಣಿಗಳಲ್ಲಿ ದುಡಿಯುವ ಖಂಡವಾಲಿಯಾಗಳು. ಬಂಡೆಯ ಸೀಳು ಎಲ್ಲಿದೆ, ಎಲ್ಲಿ ಬಡಿದರೆ ಬಿರುಕು ಬಿಡುತ್ತದೆ ಎಂದು ಬಲ್ಲವರು. ಅವರು ಉಳಿ ಸುತ್ತಿಗೆಯಿಂದ ಒಂದೊಂದೇ ಬೇರನ್ನು ಕೆತ್ತಿ ತೆಗೆದರು. ಆ ಗುಂಡಿಗಳಲ್ಲೇ ಥಾರ್‌ನ ಸ್ವಂತ ಗಿಡಗಳನ್ನು ನೆಟ್ಟರು.

ಈ ಉದ್ಯಾನವನ್ನು ಮೊದಲು ನೋಡಿ ಎನ್ನಲು ಕಾರಣವಿದೆ. ಇಲ್ಲಿ ಗಿಡಗಳ ಗುರುತು ಹಿಡಿಯುವುದನ್ನು ಕಲಿತರೆ ಮುಂದೆ ಬಯಲಲ್ಲಿ ಯಾರ ಸಹಾಯವೂ ಬೇಡ. ಬಲ್ಲ ಮಾರ್ಗದರ್ಶಕರ ಜೊತೆ ನಡೆಯುವ ವ್ಯವಸ್ಥೆಯಿದೆ, ಅದಕ್ಕೆ ಕೊಡುವ ಹಣ ದಂಡವಲ್ಲ. ನೋಡುತ್ತ ಹೋದಂತೆ ಅರ್ಧ ಪಾಲು ನಮ್ಮ ನೆಂಟರೇ. ಆಕ್ ಎಂದರೆ ಎಕ್ಕದ ಕುಲ. ಥೋರ್ ಎಂದರೆ ಕಳ್ಳಿ. ಬೋರ್ಡಿ ಎಂದರೆ ಬೋರೆಯ ಜಾತಿಯದೇ ಕುಳ್ಳ ಗಿಡ. ಖೇಜಡಿ ಎಂದರೆ ಸಾಕ್ಷಾತ್ ಬನ್ನಿ! ವಿಜಯದಶಮಿಯಂದು ನಾವು ಎಲೆ ಕೊಟ್ಟು ಬಂಗಾರ ಎನ್ನುವ ಮರ ರಾಜಸ್ಥಾನದ ರಾಜ್ಯವೃಕ್ಷ. ನಾವು ಎಲೆಯಲ್ಲಿಯೇ ನಿಂತೆವು, ಅವರು ಅದರ ಕಾಯಿಯನ್ನು ಪಲ್ಯ ಮಾಡಿ ತಿನ್ನುತ್ತಾರೆ. ಒಂದು ಎಚ್ಚರಿಕೆ: ಅಲ್ಲಿ ಜಾಳ್ ಎಂದರೆ ನಮ್ಮ ಜಾಲಿ ಅಲ್ಲ, ಅದು ಪೀಲು ಹಣ್ಣಿನ ಮರ. ಇದರಿಂದ ನಾನು ಅರ್ಧ ಗಂಟೆ ತಪ್ಪು ಮರದ ಫೋಟೊ ತೆಗೆದೆ.

ಇನ್ನು ಕೇರ್. ಬುಡದಿಂದಲೇ ಕವಲೊಡೆದು ಪೊದೆಯಾಗುವ ಇದು ಹಳೆಯದಾದರೆ ನಾಲ್ಕೈದು ಮೀಟರ್ ಎತ್ತರದ ಪುಟ್ಟ ಮರವೂ ಆಗುತ್ತದೆ. ಎಲೆ ಇಲ್ಲವೇ ಇಲ್ಲ ಎಂದು ಸುಭಾಷಿತಕಾರ ಹೇಳಿದ್ದು ಪೂರ್ತಿ ನಿಜವಲ್ಲ ಎಂಬುದನ್ನು ಅಕ್ಕ ಭೂತಗನ್ನಡಿ ಹಿಡಿದು ತೋರಿಸಿದಳು. ಎಳೆಯ ಚಿಗುರಿನಲ್ಲಿ ಒಂದೆರಡು ಸೆಂಟಿಮೀಟರ್ ಉದ್ದದ, ಸೂಜಿಯಂಥ ಎಲೆಗಳಿರುತ್ತವೆ. ಸ್ವಲ್ಪ ದಿನಕ್ಕೆ ಉದುರಿಬಿಡುತ್ತವೆ. ಆಮೇಲೆ ಎಲೆಯ ಕೆಲಸವನ್ನೆಲ್ಲ ಹಸಿರು ಕಡ್ಡಿಯೇ ಮಾಡುತ್ತದೆ. ಕಡ್ಡಿಯ ಮೇಲೆ ಮೇಣದ ದಪ್ಪ ಹೊದಿಕೆ. ಹಾಗಾಗಿ ಒಳಗಿನ ನೀರು ಸುಲಭವಾಗಿ ಆರುವುದಿಲ್ಲ. ವರ್ಷಕ್ಕೆ 200 ಮಿ.ಮೀ. ಮಳೆಯೂ ಬೀಳದ ಜೈಸಲ್ಮೇರ್‌ನಲ್ಲಿ ಅಗಲವಾದ ಎಲೆ ಇಟ್ಟುಕೊಂಡವನದೇ ತಪ್ಪು, ವಸಂತನದೂ ಅಲ್ಲ, ಕರೀರದ್ದೂ ಅಲ್ಲ. ಬೇರು ಮಾತ್ರ ಬಹಳ ಆಳ. ಅದರಿಂದಲೇ ಅಲ್ಲಲ್ಲಿ ಹೊಸ ಸಸಿಗಳೂ ಏಳುತ್ತವೆ.

ಹೂವನ್ನು ಹತ್ತಿರದಿಂದ ನೋಡದೆ ಬರಬೇಡಿ. ಕೇಸರಗಳು ಎಸಳನ್ನು ದಾಟಿ ಹೊರಗೆ ಚಾಚಿರುತ್ತವೆ. ಅವುಗಳ ನಡುವೆ ಒಂದು ತೆಳು ಕಡ್ಡಿ. ಅಂಡಾಶಯ ಹೂವಿನ ತಳದಲ್ಲಿ ಕೂರದೆ ಆ ಕಡ್ಡಿಯ ತುದಿಯಲ್ಲಿ ಹೋಗಿ ನಿಂತಿರುತ್ತದೆ. ಹೂ ಉದುರಿದ ಮೇಲೆ ಕಾಯಿಯ ತೊಟ್ಟಿನಲ್ಲಿ ಗೆಣ್ಣು ಕಾಣುವುದು ಇದೇ ಕಾರಣಕ್ಕೆ. ಕೇಪರ್ ಕುಲದ ಸಹಿ ಇದು ಎಂದಳು ಅಕ್ಕ. ಬೆಳಗಿನ ಹೊತ್ತು ಸೂರಕ್ಕಿಗಳು ಹೂವಿಂದ ಹೂವಿಗೆ ಹಾರುತ್ತವೆ. ಬಿಳಿ ಕೆನ್ನೆಯ ಪಿಕಳಾರಗಳು ಪೊದೆಯ ಒಳಗೇ ಕೂತು ಹರಟುತ್ತವೆ. ಅಂಚಿಗೆ ಕಪ್ಪು ಗೀಟಿರುವ ಬಿಳಿ ಚಿಟ್ಟೆ ಸುತ್ತುತ್ತಿದ್ದರೆ ಅದು ಪಯೊನೀರ್. ಇದೇ ಕುಲದ ಗಿಡಗಳಲ್ಲಿ ಮೊಟ್ಟೆ ಇಡುತ್ತದೆ.

ಜೋಧಪುರದಿಂದ ಜೈಸಲ್ಮೇರ್‌ಗೆ ಪೋಖರಣ್ ಮೇಲೆ ಸುಮಾರು 280 ಕಿ.ಮೀ. ರೈಲು, ಬಸ್ ಎರಡೂ ಇವೆ. ಅಲ್ಲಿ ಒಬ್ಬ ಚಾಲಕನನ್ನು ಎರಡು ದಿನಕ್ಕೆ ಗೊತ್ತುಮಾಡಿಕೊಳ್ಳಿ, ಆದರೆ ಏನು ನೋಡಬೇಕೆಂದು ಮೊದಲೇ ಸ್ಪಷ್ಟವಾಗಿ ಹೇಳಿ. ನಮ್ಮ ಚಾಲಕನಿಗೆ ಕೇರ್ ನೋಡಲು ದುಡ್ಡು ಖರ್ಚು ಮಾಡಿಕೊಂಡು ಬಂದವರೆಂದರೆ ನಂಬಿಕೆಯೇ ಬರಲಿಲ್ಲ. “ಬಹನ್‌ಜೀ, ಅದು ನಮ್ಮ ಮನೆಯ ಹಿಂದೆಯೇ ಇದೆ” ಎಂದು ನಕ್ಕ. ಮರುದಿನ ಅಲ್ಲಿಗೇ ಕರೆದುಕೊಂಡು ಹೋದ ಕೂಡ.

ಎಲ್ಲಿ ಹುಡುಕಬೇಕೆಂಬುದು ಮುಖ್ಯ. ಮರಳುದಿಬ್ಬ ಕೇರ್‌ನ ಜಾಗವಲ್ಲ. ಜಾರುವ ಮರಳು ಬಿಟ್ಟು ಗಟ್ಟಿನೆಲಕ್ಕೆ ಬನ್ನಿ: ಜಲ್ಲಿಕಲ್ಲಿನ ಬಯಲು, ದಿಬ್ಬಗಳ ನಡುವಿನ ತಗ್ಗು, ಬಂಡೆಯ ಸಂದು, ಊರ ಹೊರಗಿನ ಪಾಳು. ಗಾಳಿಗೆ ತೂರಿಬಂದ ಮರಳನ್ನು ಪೊದೆ ತಡೆದು ನಿಲ್ಲಿಸಿ ತನ್ನ ಬುಡದಲ್ಲೇ ಸಣ್ಣ ಗುಡ್ಡ ಮಾಡಿಕೊಂಡಿರುತ್ತದೆ. ಆ ಗುಡ್ಡದಲ್ಲಿ ಬಿಲಗಳಿರುತ್ತವೆ, ಕೈ ಹಾಕಬೇಡಿ. ಜೈಸಲ್ಮೇರ್‌ನಿಂದ ಬಾರ್ಮೇರ್ ರಸ್ತೆಯಲ್ಲಿ 17 ಕಿ.ಮೀ. ದೂರದ ಆಕಲ್ ವುಡ್ ಫಾಸಿಲ್ ಪಾರ್ಕ್ ಸುತ್ತಲಿನ ಬಯಲು ನಮಗೆ ಬಹಳ ಹಿಡಿಸಿತು. 18 ಕೋಟಿ ವರ್ಷದ ಹಿಂದೆ ಕಾಡಾಗಿದ್ದ ಜಾಗದಲ್ಲಿ ಮರಗಳು ಕಲ್ಲಾಗಿ ಬಿದ್ದಿವೆ, ಅದರ ಆಚೆಗೆ ಇಂದಿನ ಕುರುಚಲು.

ಒಳ್ಳೆಯ ಹಳೆಯ ಗಿಡಗಳು ಬೇಕೆಂದರೆ ಓರಣ್ ಕೇಳಿ. ದೇವರ ಹೆಸರಿನಲ್ಲಿ ಬಿಟ್ಟ ನೆಲ. ದನ, ಮೇಕೆ, ಒಂಟೆ ಮೇಯಬಹುದು, ಕೊಡಲಿ ಮಾತ್ರ ಎತ್ತುವಂತಿಲ್ಲ. ಕೊಡಗಿನ ದೇವರಕಾಡನ್ನು ನೋಡಿದವರಿಗೆ ಹೆಚ್ಚು ವಿವರಿಸಬೇಕಿಲ್ಲ, ಹಸಿರನ್ನು ಹತ್ತು ಪಾಲು ಕಡಿಮೆ ಮಾಡಿಕೊಂಡರಾಯಿತು. ಗೆದ್ದಲು ಹತ್ತದ ಗಟ್ಟಿ ಮರವಾದ್ದರಿಂದ ಬೇರೆಡೆ ಕೇರ್ ಸೌದೆ, ಹಿಡಿಗಳಿಗಾಗಿ ಕಡಿತಕ್ಕೆ ಸಿಕ್ಕಿದೆ. ಓರಣ್‌ಗಳಲ್ಲಿ ತೊಡೆಗಾತ್ರದ ಕಾಂಡಗಳಿವೆ. ಒಳಗೆ ಹೋಗುವ ಮೊದಲು ಊರವರಿಗೆ ಒಂದು ಮಾತು ಹೇಳಿ. ಒಂದು ಕಡ್ಡಿಯನ್ನೂ ಮುರಿಯಬೇಡಿ, ಮಾದರಿ ಸಂಗ್ರಹಿಸುವ ಅಭ್ಯಾಸವಿರುವ ಸಸ್ಯಶಾಸ್ತ್ರದವರಿಗೆ ಇದನ್ನು ಎರಡು ಸಲ ಹೇಳಬೇಕು.

ಡೆಸರ್ಟ್ ನ್ಯಾಷನಲ್ ಪಾರ್ಕ್‌ಗೆ ಹೋಗುವುದಾದರೆ ಅರಣ್ಯ ಇಲಾಖೆಯ ಅನುಮತಿಯನ್ನು ಜೈಸಲ್ಮೇರ್‌ನಲ್ಲೇ ಮಾಡಿಸಿಕೊಳ್ಳಿ. ಹೆಸರಿಗೆ 3,162 ಚದರ ಕಿ.ಮೀ., ಆದರೆ ಒಳಗೆ ಊರು, ಹೊಲಗಳೂ ಇವೆ. ಸಿರುಗುಪ್ಪದ ಎರೆಭೂತವನ್ನು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಕೇಳಿ ಬಲ್ಲವರು ಅದೇ ಹಕ್ಕಿಯ ದೊಡ್ಡ ನೆಲೆ ಇದು ಎಂದು ತಿಳಿದಿರಿ. ಕೇರ್ ಮತ್ತು ಬೋರ್ಡಿ ಹಣ್ಣುಗಳು ಅದರ ಆಹಾರ. ನಮಗೆ ಹಕ್ಕಿ ಕಾಣಲಿಲ್ಲ. ಅದನ್ನೇ ನಂಬಿ ಹೋಗಬೇಡಿ.

ಉಡುಪಿನ ಬಗ್ಗೆ: ಮೊದಲ ದಿನ ನಾನು ಮೊಣಕಾಲಿನವರೆಗಿನ ಚಡ್ಡಿ ಹಾಕಿ ಹೋಗಿದ್ದೆ. ಕೇರ್ ಮುಳ್ಳು ಚಿಕ್ಕದು, ಜೋಡಿಯಾಗಿ, ಬಹುಮಟ್ಟಿಗೆ ನೇರವಾಗಿರುತ್ತದೆ. ಚುಚ್ಚಿದರೆ ಹಿಂದೆ ಸರಿದು ಬಿಡಿಸಿಕೊಳ್ಳಬಹುದು. ಬೋರ್ಡಿಯದು ಹಾಗಲ್ಲ. ಅದರ ಜೋಡಿಯಲ್ಲಿ ಒಂದು ನೇರ, ಇನ್ನೊಂದು ಕೊಕ್ಕೆ. ಮುಂದೆ ಹೋದರೆ ಒಂದು ಚುಚ್ಚುತ್ತದೆ, ಹಿಂದೆ ಸರಿದರೆ ಇನ್ನೊಂದು ಎಳೆಯುತ್ತದೆ. ದಪ್ಪ ಬಟ್ಟೆಯ ಪ್ಯಾಂಟು, ಗಟ್ಟಿ ಅಟ್ಟೆಯ ಬೂಟು, ತುದಿ ಚೂಪಾದ ಒಂದು ಚಿಮಟ, ಇಷ್ಟು ಸಾಕು. ತಲೆಗೆ ಟೊಪ್ಪಿಗಿಂತ ಹತ್ತಿಯ ಪಂಚೆ ವಾಸಿ. ಕುಡಿಯುವ ನೀರು ಒಬ್ಬೊಬ್ಬರಿಗೆ ಮೂರು ಲೀಟರ್ ಇರಲಿ.

ಕೊನೆಗೆ ಊಟ. ಹಸಿ ಕೇರ್ ಕಾಯಿಯನ್ನು ಗಿಡದಿಂದ ಕಿತ್ತು ತಿನ್ನುವ ಹುಚ್ಚು ಬೇಡ. ಹೂವಿನ ಜೊತೆಗೇ ಬಟಾಣಿ ಗಾತ್ರದ ಕಾಯಿಗಳೂ ಇದ್ದವು. ಚಾಲಕನ ಮನೆಯ ಹಿಂದೆ ಒಂದನ್ನು ಅಗಿದು ಮಧ್ಯಾಹ್ನದವರೆಗೂ ನಾಲಿಗೆ ಕಹಿಯಾಗಿ ಒದ್ದಾಡಿದೆ. ಅವನ ತಾಯಿ ಮಣ್ಣಿನ ಮಡಕೆ ತೋರಿಸಿದರು: ಎಳೆಗಾಯಿಗಳನ್ನು ಉಪ್ಪುನೀರಿನಲ್ಲೋ ಮಜ್ಜಿಗೆಯಲ್ಲೋ ದಿನಗಟ್ಟಲೆ ನೆನೆಹಾಕಿ, ನೀರು ಬದಲಿಸುತ್ತ ಕಹಿ ತೆಗೆದು, ಆಮೇಲೆ ಬಿಸಿಲಿಗೆ ಒಣಗಿಸುತ್ತಾರೆ. ಕೆಂಪಾಗಿ ಮಾಗಿದ ಹಣ್ಣಿಗೆ ಢಾಲು ಎಂದು ಬೇರೆ ಹೆಸರೇ ಇದೆ, ಅದನ್ನು ಮಕ್ಕಳು ಹಾಗೆಯೇ ತಿನ್ನುತ್ತಾರೆ. ನಾವು ಹೋದಾಗ ಇನ್ನೂ ಕಾಲವಾಗಿರಲಿಲ್ಲ. ಕೇರ್, ಬನ್ನಿಯ ಕಾಯಿ ಸಾಂಗ್ರಿ, ಕುಮಟ್ ಮರದ ಬೀಜ, ಚಳ್ಳೆಕಾಯಿ ಗೂಂದಾ, ಒಣಮಾವು ಸೇರಿದರೆ ಪಂಚ್‌ಕೂಟಾ ಪಲ್ಯ. ಹೋಳಿಯ ನಂತರದ ಶೀತಲಾ ಹಬ್ಬದಂದು ಒಲೆ ಹಚ್ಚದೆ ಹಿಂದಿನ ದಿನದ ಅಡುಗೆ ಉಣ್ಣುವ ಪದ್ಧತಿಯಿದೆ. ಕೆಡದೆ ಉಳಿಯುವ ಈ ಪಲ್ಯ ಅಂದಿನ ಊಟಕ್ಕೆ ಹೇಳಿ ಮಾಡಿಸಿದ್ದು.

ಒಣ ಕೇರ್ ಕೊಳ್ಳುವಾಗ ಕಾಳು ಸಣ್ಣದಿದ್ದಷ್ಟೂ ಒಳ್ಳೆಯದು, ಬೆಲೆಯೂ ಹೆಚ್ಚು. ದೊಡ್ಡದರಲ್ಲಿ ಬೀಜ ಬಲಿತು ಹಲ್ಲಿಗೆ ಸಿಗುತ್ತದೆ. ಹೋಟೆಲ್ ಪಕ್ಕದ ಅಂಗಡಿಯಲ್ಲಿ ಅಂದದ ಡಬ್ಬಿಗೆ ಮಾರುಹೋಗದೆ, ಊರಿನವರು ದಿನಸಿ ಕೊಳ್ಳುವ ಅಂಗಡಿಗೆ ಹೋಗಿ. ಮನೆಗೆ ತಂದ ಮೇಲೆ ಕೇರ್ ಮತ್ತು ಸಾಂಗ್ರಿಯನ್ನು ಬೇರೆ ಬೇರೆ ಪಾತ್ರೆಯಲ್ಲಿ ರಾತ್ರಿ ನೆನೆಸಿ, ಆ ನೀರು ಚೆಲ್ಲಿ ಬೇಯಿಸಿ. ಅಕ್ಕ ಎರಡನ್ನೂ ಒಟ್ಟಿಗೆ ಕುಕ್ಕರಿಗೆ ಹಾಕಿ ನಾಲ್ಕು ಸೀಟಿ ಕೂಗಿಸಿದಳು. ಸಾಂಗ್ರಿ ಮುದ್ದೆಯಾಯಿತು, ಕೇರ್ ಇನ್ನೂ ಗಟ್ಟಿಯಿತ್ತು.