ಕಾರಿನೊಳಗಿನ ಸಿಗರೇಟು ಘಾಟು: ಕೆಲಸ ಛಾವಣಿಯಿಂದ ಶುರು

27 ಏಪ್ರಿಲ್ 2025, ಭಾನುವಾರ
ಕಲಬುರಗಿ

ಸೇಡಂ ರಸ್ತೆ ಕಡೆಯಿಂದ ಬಂದ ಬಿಳಿ ಡಿಸೈರ್ ಬೆಳಗ್ಗೆಯಿಂದ ಶೆಡ್ಡಿನಲ್ಲಿದೆ. ಡ್ಯಾಶ್‌ಬೋರ್ಡ್ ಮೇಲೆ ಎರಡು ಪರ್ಫ್ಯೂಮ್ ಡಬ್ಬಿ, ಕನ್ನಡಿಗೆ ನೇತುಹಾಕಿದ್ದು ಇನ್ನೊಂದು. ಮೂರೂ ಸೇರಿದರೂ ಸಿಗರೇಟಿನ ಘಾಟು ಮುಚ್ಚಿಲ್ಲ. ಮುಚ್ಚುವುದೂ ಇಲ್ಲ, ಯಾಕೆಂದರೆ ಹೊಗೆಯ ಟಾರ್ ಮತ್ತು ನಿಕೋಟಿನ್ ಗಾಜು, ಪ್ಲಾಸ್ಟಿಕ್, ಬಟ್ಟೆ, ಎಸಿಯೊಳಗೆ ಗಾಳಿ ತಣಿಸುವ ಕಾಯಿಲ್ ಹೀಗೆ ಎಲ್ಲದರ ಮೇಲೂ ಅಂಟು ಪದರವಾಗಿ ಕೂತಿರುತ್ತವೆ. ಕಾದಾಗ ಆ ಪದರದಿಂದ ವಾಸನೆ ಏಳುತ್ತದೆ. ಬೆಳಗಿನ ತಂಪಿನಲ್ಲಿ ಏನೂ ಇಲ್ಲ ಅನಿಸಿದ ಗಾಡಿಯೇ ನಮ್ಮ ಊರಿನ 40 ಡಿಗ್ರಿ ದಾಟಿದ ಮಧ್ಯಾಹ್ನ ಎರಡು ತಾಸು ಬಿಸಿಲಿಗೆ ನಿಂತರೆ, ಬಾಗಿಲು ತೆಗೆದ ಕೂಡಲೇ ಮುಖಕ್ಕೆ ಹೊಡೆಯುತ್ತದೆ. ಪದರ ತೆಗೆಯದೆ ಬೇರೆ ಏನು ಮಾಡಿದರೂ ವಾಸನೆ ವಾಪಸ್ ಬರುತ್ತದೆ.

ಮೊದಲು ಪರ್ಫ್ಯೂಮ್ ಡಬ್ಬಿಗಳನ್ನು ಹೊರಗೆ ಹಾಕಬೇಕು. ಅವು ಮೂಗನ್ನು ಮೋಸ ಮಾಡುತ್ತವೆ, ಬಿಸಿಲಿಗೆ ಸೋರಿದರೆ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ಕನ್ನೂ ತಿನ್ನುತ್ತವೆ. ಆಮೇಲೆ ಮ್ಯಾಟ್, ಡಿಕ್ಕಿಯ ಹಾಸು, ಎಸಿ ಗಾಳಿ ಸೋಸುವ ಹಳೆ ಕ್ಯಾಬಿನ್ ಫಿಲ್ಟರ್ ಎಲ್ಲ ತೆಗೆದು ಒಣ ವ್ಯಾಕ್ಯೂಮ್ ಹೊಡೆಯಬೇಕು. ಈ ಹಂತದಲ್ಲಿ ಒಂದು ಹನಿ ನೀರೂ ಬೇಡ. ಬೂದಿಗೆ ನೀರು ತಾಗಿದರೆ ಬೂದು ಕೆಸರಾಗಿ ನೂಲಿನೊಳಗೆ ಇಳಿಯುತ್ತದೆ. ಸೀಟಿನ ಹಳಿ, ಹ್ಯಾಂಡ್‌ಬ್ರೇಕ್ ಸುತ್ತಲಿನ ಸಂದು, ಸೀಟು ಬೆನ್ನಿಗೆ ಕೂಡುವ ಜಾಗ ಇಲ್ಲೆಲ್ಲ ಸಣ್ಣ ಮೂತಿ ಹಾಕಿ ಎಳೆಯಿರಿ. ಅಲ್ಲಿ ಸಿಗುವ ಒಂದು ಹಳೆ ತುಂಡು ಸಿಗರೇಟು ಸಾಕು, ಉಳಿದ ಕೆಲಸವನ್ನೆಲ್ಲ ಹಾಳು ಮಾಡಲು.

ಇನ್ನು ಛಾವಣಿ. ಹೊಗೆ ಮೇಲಕ್ಕೆ ಹೋಗುತ್ತದೆ, ಅಲ್ಲೇ ತಂಗುತ್ತದೆ. ಸೀಟು ತೊಳೆದು ಕೈಬಿಟ್ಟ ಗಾಡಿಗಳು ವಾರದೊಳಗೆ ಮತ್ತೆ ನಾರುವುದು ಬಹುತೇಕ ಇದರಿಂದಲೇ. ಆದರೆ ಇಡೀ ಗಾಡಿಯಲ್ಲಿ ಅತಿ ನಾಜೂಕಾದ ಜಾಗವೂ ಇದೇ. ಕಣ್ಣಿಗೆ ಕಾಣುವ ಬಟ್ಟೆಯ ಹಿಂದೆ ಕೆಲವೇ ಮಿಲಿಮೀಟರ್ ದಪ್ಪದ ಸ್ಪಂಜು, ಅದರ ಹಿಂದೆ ಗಟ್ಟಿ ರಟ್ಟು, ನಡುವೆ ಅಂಟು. ನೀರು ಸ್ಪಂಜಿಗೆ ಇಳಿದರೆ ಅಂಟು ಬಿಡುತ್ತದೆ, ಬಟ್ಟೆ ಜೋತು ಬೀಳುತ್ತದೆ. ವರ್ಷಗಟ್ಟಲೆ ನೆರಳಿಲ್ಲದೆ ನಿಂತ ನಮ್ಮ ಕಡೆಯ ಗಾಡಿಗಳಲ್ಲಿ ಆ ಅಂಟು ಮೊದಲೇ ಸೋತಿರುತ್ತದೆ. ಹಾಗಾಗಿ ಮುಟ್ಟುವ ಮುಂಚೆ ಅಂಗೈ ಊರಿ ಮೆಲ್ಲಗೆ ಸರಿಸಿ ನೋಡಿ. ಬಟ್ಟೆ ರಟ್ಟಿನ ಮೇಲೆ ಜಾರಿದರೆ, ಅಥವಾ ಒತ್ತಿದಾಗ ಪುಡಿ ಉದುರಿದಂತೆ ಕರಕರ ಅಂದರೆ, ಅದನ್ನು ಒದ್ದೆ ಮಾಡಬೇಡಿ. ಹೊಸ ರೂಫ್ ಲೈನಿಂಗ್ ಹಾಕಿಸುವುದೇ ದಾರಿ.

ಗಟ್ಟಿ ಇದ್ದರೆ ಹೀಗೆ ಮಾಡಿ. 1 ಲೀಟರ್ ಉಗುರುಬೆಚ್ಚನೆ ನೀರಿಗೆ 10 ಮಿ.ಲೀ. ಇಂಟೀರಿಯರ್ ಶಾಂಪೂ. ಬಾಟಲಿಯಿಂದ ಛಾವಣಿಗೆ ನೇರ ಹೊಡೆಯಬೇಡಿ, ಮೈಕ್ರೋಫೈಬರ್ ಅರಿವೆಗೆ ಹೊಡೆದು ಚೆನ್ನಾಗಿ ಹಿಂಡಿ. ಮುಂದಿನ ಗಾಜಿನ ಅಂಚಿನಿಂದ ಹಿಂದಿನ ಗಾಜಿನವರೆಗೆ ಒಂದೇ ದಿಕ್ಕಿಗೆ, ಕೈ ಭಾರ ಹಾಕದೆ ಒರೆಸುತ್ತ ಹೋಗಿ. ಅರಿವೆ ಹಳದಿಗಟ್ಟಿದ ಕೂಡಲೇ ಮಡಿಕೆ ತಿರುಗಿಸಿ, ಇಲ್ಲದಿದ್ದರೆ ತೆಗೆದ ಟಾರನ್ನೇ ಮುಂದಕ್ಕೆ ಬಳಿಯುತ್ತೀರಿ. ಬ್ರಶ್ಶೂ ಬೇಡ, ಸ್ಟೀಮೂ ಬೇಡ. ಕೊಳೆ ಕಂಡ ಜಾಗ ಮಾತ್ರ ಉಜ್ಜಿದರೆ ಒಣಗಿದ ಮೇಲೆ ಉಂಗುರದಂಥ ಕಲೆ ಉಳಿಯುತ್ತದೆ, ಅದಕ್ಕೇ ಅಂಚಿನಿಂದ ಅಂಚಿಗೆ ಪೂರ್ತಿ ಒರೆಸಬೇಕು. ಪೂರ್ತಿ ಒಣಗಲು ಬಿಟ್ಟು ಇನ್ನೊಂದು ಸಲ. ಒಂದೇ ಸಲಕ್ಕೆ ಜಾಸ್ತಿ ಒದ್ದೆ ಮಾಡುವುದಕ್ಕಿಂತ ತೆಳುವಾಗಿ ಎರಡು ಸಲ ಒರೆಸುವುದು ಎಷ್ಟೋ ಮೇಲು. ಮುಂದಿನ ಗಾಜಿನ ಮೇಲೆ ಬಿಸಿಲು ತಡೆಯುವ ಸನ್‌ವೈಸರ್ ಮಡಚಿದಾಗ ಛಾವಣಿಗೆ ತಾಗುವ ಮೈಯನ್ನು ಯಾರೂ ನೋಡುವುದಿಲ್ಲ. ಇವತ್ತಿನ ಗಾಡಿಯಲ್ಲಿ ಅಲ್ಲಿಂದ ಬಂದದ್ದು ಚಹಾ ಬಣ್ಣದ ನೀರು.

ಗಾಜು ಮತ್ತು ಪ್ಲಾಸ್ಟಿಕ್ ಸುಲಭ. ನಿಕೋಟಿನ್ ಕ್ಷಾರ ಗುಣದ್ದು, ಆದ್ದರಿಂದ ಹುಳಿಗೆ ಬೇಗ ಬಿಡುತ್ತದೆ. ಅಡುಗೆಯ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಗಾಜು ಒರೆಸಿ. ವಿನೆಗರ್ ವಾಸನೆ ಬಾಗಿಲು ತೆರೆದಿಟ್ಟರೆ ತಾನೇ ಹೋಗುತ್ತದೆ. ಸ್ಟಿಯರಿಂಗ್, ಗೇರ್ ಹಿಡಿ, ಕಿಟಕಿ ಸ್ವಿಚ್ಚುಗಳಿಗೆ ಬೆರಳಿನ ಜಿಡ್ಡೂ ಸೇರಿರುತ್ತದೆ, ಅಲ್ಲಿಗೆ ಶಾಂಪೂ ನೀರು. ಕೊನೆಯ ಒರೆಸಿಗೆ ಬೋರ್‌ವೆಲ್ ನೀರು ಬೇಡ. ಗಡಸು ನೀರು ಕಪ್ಪು ಪ್ಲಾಸ್ಟಿಕ್ ಮೇಲೆ ಬಿಳಿ ಕಲೆ ಬಿಡುತ್ತದೆ. ಆರ್‌ಒ ನೀರು ಅಥವಾ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಸಾಕು. ಬ್ಲೀಚಿಂಗ್ ದ್ರಾವಣ ಮತ್ತು ವಿನೆಗರ್ ಎಂದೂ ಬೆರೆಸಬಾರದು, ಕ್ಲೋರಿನ್ ಅನಿಲ ಏಳುತ್ತದೆ.

ಅಡುಗೆ ಸೋಡಾ ಬಗ್ಗೆ ಎಲ್ಲರೂ ಕೇಳುತ್ತಾರೆ. ರಾತ್ರಿ ಸೀಟಿಗೆ ಉದುರಿಸಿ ಬೆಳಗ್ಗೆ ವ್ಯಾಕ್ಯೂಮ್ ಮಾಡಿದರೆ ಹಾಲು ಚೆಲ್ಲಿದ ಹುಳಿ ನಾತ ಚೆನ್ನಾಗಿ ಇಳಿಯುತ್ತದೆ. ನಿಕೋಟಿನ್ ಮುಂದೆ ಅದರ ಆಟ ಕಡಿಮೆ, ಯಾಕೆಂದರೆ ಎರಡೂ ಕ್ಷಾರವೇ. ಸೋಡಾಕ್ಕೆ ವಿನೆಗರ್ ಸುರಿದು ನೊರೆ ಬರಿಸುವವರಿದ್ದಾರೆ; ಎರಡೂ ಒಂದನ್ನೊಂದು ಕೊಂದು ಉಪ್ಪು ನೀರಾಗುತ್ತವೆ, ಕೆಲಸ ಏನೂ ಆಗುವುದಿಲ್ಲ.

ಬಟ್ಟೆ ಸೀಟಿಗೆ 1 ಲೀಟರ್ ಬಿಸಿ ನೀರು (ಕೈ ತಾಳುವಷ್ಟು), 20 ಮಿ.ಲೀ. ಅಪ್‌ಹೋಲ್‌ಸ್ಟರಿ ಶಾಂಪೂ. ಮೆತ್ತಗೆ ಬ್ರಶ್ ಮಾಡಿ, ಐದು ನಿಮಿಷ ಬಿಟ್ಟು, ನೀರೆಳೆಯುವ ವ್ಯಾಕ್ಯೂಮಿನಿಂದ ಎಳೆಯಿರಿ. ಆಮೇಲೆ ಲೀಟರಿಗೆ 50 ಮಿ.ಲೀ. ವಿನೆಗರ್ ಹಾಕಿದ ನೀರಿನಿಂದ ಇನ್ನೊಮ್ಮೆ ಎಳೆಯಿರಿ. ಟ್ಯಾಂಕಿಗೆ ಬರುವ ನೀರು ತಿಳಿಯಾಗುವ ತನಕ ನಿಲ್ಲಿಸಬೇಡಿ. ಸೀಟಿನ ಫೋಮ್ ನೆನೆಯಬಾರದು. ಮಳೆಗಾಲದಲ್ಲಿ ನೆನೆದರೆ ಒಣಗಲು ದಿನಗಳೇ ಬೇಕು, ಸಿಗರೇಟು ಹೋಗಿ ಬೂಷ್ಟಿನ ನಾತ ಬರುತ್ತದೆ. ಬೇಸಿಗೆಯಲ್ಲಿ ತೊಂದರೆ ಉಲ್ಟಾ. ಹತ್ತು ಗಂಟೆಯ ಮೇಲೆ ಶಾಂಪೂ ಎಳೆಯುವ ಮುಂಚೆಯೇ ಒಣಗಿ ಕಲೆ ಕಟ್ಟುತ್ತದೆ, ಆದ್ದರಿಂದ ಬೆಳಗ್ಗೆ ಆರರಿಂದಲೇ ಶುರು ಮಾಡಬೇಕು. ಸೀಟಿನ ಕೆಳಗಿನ ಹಳದಿ ಕನೆಕ್ಟರ್ ಏರ್‌ಬ್ಯಾಗಿನದು. ಅದನ್ನು ಬಿಚ್ಚಬೇಡಿ, ಅದಕ್ಕೆ ನೀರೂ ತಾಗಿಸಬೇಡಿ. ಬೆಲ್ಟನ್ನು ಪೂರ್ತಿ ಹೊರಗೆ ಎಳೆದು ಕ್ಲಿಪ್ ಹಾಕಿ ಒರೆಸಿ, ಒಣಗಿದ ಮೇಲೆಯೇ ಒಳಗೆ ಬಿಡಿ.

ಇಷ್ಟಾದ ಮೇಲೂ ಎಸಿ ಹಾಕಿದ ಮೊದಲ ನಿಮಿಷದಲ್ಲಿ ಘಾಟು ಬಂದರೆ ಕಾಯಿಲ್ ಶುದ್ಧವಾಗಿಲ್ಲ ಎಂದೇ ಅರ್ಥ. ಕಿಟಕಿ ಮುಚ್ಚಿ, ಒಳಗಾಳಿಯನ್ನೇ ತಿರುಗಿಸುವ ರಿಸರ್ಕ್ಯುಲೇಶನ್‌ನಲ್ಲಿ ಸೇದಿದಾಗ ಹೊಗೆ ಮತ್ತೆ ಮತ್ತೆ ಕಾಯಿಲ್ ದಾಟುತ್ತದೆ. ಎಸಿ ಓಡುವಾಗ ಕಾಯಿಲ್ ಒದ್ದೆ, ಅದರ ಮೇಲೆ ನಮ್ಮ ಕರಿಮಣ್ಣಿನ ಧೂಳೂ ಸೇರಿ ಗಟ್ಟಿಯಾಗುತ್ತದೆ. ಬಹಳಷ್ಟು ಗಾಡಿಗಳಲ್ಲಿ ಫಿಲ್ಟರ್ ಗ್ಲೋವ್ ಬಾಕ್ಸ್ ಹಿಂದೆ ಇರುತ್ತದೆ. ಗಾಳಿ ಬೀಸುವ ಬ್ಲೋವರ್ ಬಂದ್ ಇಟ್ಟು, ಫಿಲ್ಟರ್ ತೆಗೆದ ಜಾಗದಿಂದ ಫೋಮ್ ಕ್ಲೀನರಿನ ಪೈಪನ್ನು ಕಾಯಿಲ್ ಕಡೆ ತಿರುಗಿಸಿ ಬಿಡಿ. ಫೋಮ್ ಬ್ಲೋವರ್ ಮೋಟರಿಗೆ ಮತ್ತು ಅದರ ವೇಗ ನಿಯಂತ್ರಿಸುವ ರೆಸಿಸ್ಟರಿಗೆ ತಾಗಬಾರದು. ಡಬ್ಬಿ ಮೇಲೆ ಬರೆದಷ್ಟು ಹೊತ್ತು, ಸಾಮಾನ್ಯವಾಗಿ 15 ನಿಮಿಷ ಕಾದು, ಗಾಡಿಯ ಕೆಳಗೆ ಡ್ರೈನ್ ಪೈಪ್ ನೋಡಿ. ಕಂದು ನೀರು ತೊಟ್ಟಿಕ್ಕಬೇಕು. ತೊಟ್ಟಿಕ್ಕದಿದ್ದರೆ ಪೈಪ್ ಕಟ್ಟಿದೆ, ಆ ನೀರೆಲ್ಲ ಎಡಗಡೆ ಕಾಲ ಬಳಿಯ ಕಾರ್ಪೆಟ್ಟಿಗೆ ಇಳಿಯುತ್ತದೆ. ಮೊದಲು ಅದನ್ನು ಬಿಡಿಸಿ. ಕೊನೆಗೆ ಕಿಟಕಿ ಇಳಿಸಿ, ಹೀಟರ್ ಪೂರ್ತಿ ಬಿಸಿಗೆ ಇಟ್ಟು ಹತ್ತು ನಿಮಿಷ ಓಡಿಸಿ ಒಣಗಿಸಿ. ಹೊಸ ಫಿಲ್ಟರ್ ಹಾಕುವುದು ಇದೆಲ್ಲ ಮುಗಿದ ಮೇಲೆ. ವಾಸನೆ ಹೀರುವ ಆ್ಯಕ್ಟಿವೇಟೆಡ್ ಕಾರ್ಬನ್ ಇರುವುದೇ ತರಿಸಿ, ಅಂಚಿನ ಬಾಣ ಗಾಳಿ ಹೋಗುವ ದಿಕ್ಕಿಗೆ ಇರಲಿ.

ವಾಸನೆ ಕೊಲ್ಲಲು ಓಝೋನ್ ಅನಿಲ ಬಿಡುವ ಮಷಿನ್ ಇದೆ ಎಂದು ಅದನ್ನೇ ಮೊದಲು ಇಡುವುದು ತಪ್ಪು. ಓಝೋನ್ ನಿಕೋಟಿನ್ ಪದರದ ಜೊತೆ ಸೇರಿದರೆ ಫಾರ್ಮಾಲ್ಡಿಹೈಡ್‌ನಂಥ ಹೊಸ ಕೆಟ್ಟ ವಸ್ತುಗಳು ಹುಟ್ಟುತ್ತವೆ. ಪದರ ತೆಗೆದ ಮೇಲೆ ಉಳಿದ ಅಲ್ಪ ವಾಸನೆಗೆ 20 ರಿಂದ 30 ನಿಮಿಷ ಸಾಕು. ಒಳಗೆ ಯಾರೂ ಇರಬಾರದು, ಆಮೇಲೆ ಎಲ್ಲ ಬಾಗಿಲು ತೆರೆದು ಕನಿಷ್ಠ ಎರಡು ತಾಸು ಗಾಳಿಗೆ ಬಿಡಬೇಕು. ಹೆಚ್ಚು ಹೊತ್ತು ಇಟ್ಟರೆ ಬಾಗಿಲ ರಬ್ಬರ್ ಬಿರಿಯುತ್ತದೆ.

ಪರೀಕ್ಷೆ ನಾಳೆ ಮಧ್ಯಾಹ್ನ. ಒಂದರಿಂದ ಮೂರರವರೆಗೆ ಕಿಟಕಿ ಮುಚ್ಚಿ ಬಿಸಿಲಿಗೆ ನಿಲ್ಲಿಸಿ, ಸಿಗರೇಟು ಸೇದದ, ಈ ಕೆಲಸದಲ್ಲಿ ಇಲ್ಲದ ಯಾರಾದರೂ ಬಂದು ಬಾಗಿಲು ತೆಗೆಯಬೇಕು. ಇಡೀ ದಿನ ಗಾಡಿಯೊಳಗಿದ್ದವರ ಮೂಗು ಆ ವಾಸನೆಗೆ ಒಗ್ಗಿರುತ್ತದೆ, ಅದರ ಮಾತು ನಂಬಬಾರದು.

ಹೈದರಾಬಾದಿನಿಂದ ಸೆಕೆಂಡ್ ಹ್ಯಾಂಡ್ ಗಾಡಿ ತರುವವರು ಜೇಬಿನಲ್ಲಿ ಒಂದು ಒದ್ದೆ ಬಿಳಿ ಅರಿವೆ ಇಟ್ಟುಕೊಳ್ಳಿ. ಸನ್‌ವೈಸರ್ ಮೇಲ್ಮೈ ಒರೆಸಿ ನೋಡಿ. ಹಳದಿ ಬಂದು, ಛಾವಣಿ ಬಟ್ಟೆಯೂ ಅಂಗೈಗೆ ಜಾರಿದರೆ, ಹೊಸ ಲೈನಿಂಗಿನ ಖರ್ಚನ್ನು ರೇಟು ಮಾತಾಡುವಾಗಲೇ ಕಡಿತ ಮಾಡಿಸಿ.