ತುಕ್ಕು ಹಿಡಿದ ಕೋವಿ, ಕಪ್ಪು ಬಳಿದ ಪೊರಕೆ ಕೋಲು

"ಇದನ್ನ ಕೊನೇ ಸಲ ಬಿಚ್ಚಿದ್ದು ಯಾವಾಗ?"

ದೊಡ್ಡಪ್ಪ ಕೇಳಿದಾಗ ನಾನು ಸುಮ್ಮನಿದ್ದೆ. ಅವರು ಕೋವಿ ಮಡಚಿ, ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಆಮೇಲೆ ನನ್ನ ಕೈಗೆ ಕೊಟ್ಟರು. ಕನ್ನಡಿಯ ಹಾಗೆ ಹೊಳೆಯಬೇಕಾದ ಒಳಗೋಡೆಯ ತುಂಬ ಕಂದು ಚುಕ್ಕೆ. ತುದಿಯಲ್ಲಿ ಜೇಡವೊಂದು ಸಂಸಾರ ಹೂಡಿತ್ತು.

ಅವತ್ತು 2025ರ ಸೆಪ್ಟೆಂಬರ್ 3, ಕೈಲ್ ಪೊಳ್ದ್. ನಾಟಿ ಕೆಲಸ ಮುಗಿದ ಮೇಲೆ ಆಯುಧಗಳಿಗೆ ಪೂಜೆ ಮಾಡುವ ನಮ್ಮ ಕೊಡವರ ಹಬ್ಬ. ಕೋವಿ, ಒಡಿಕತ್ತಿ ಎಲ್ಲ ತೊಳೆದು ಒರೆಸಿ ದೇವರ ಕೋಣೆಯಲ್ಲಿಟ್ಟು, ನಳಿಗೆಗೆ ತೋಕ್ ಪೂ, ಅಂದರೆ ಕೋವಿ ಹೂವು, ಸಿಕ್ಕಿಸಬೇಕು. ಪೂಜೆ ಆದ ಮೇಲೆ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯ. ಅಪ್ಪ ಹೋದ ಮೇಲೆ ಈ ಕೋವಿಯ ಜವಾಬ್ದಾರಿ ನನ್ನದು. ನಾನಿರುವುದು ಬೆಂಗಳೂರಿನಲ್ಲಿ. ಕೋವಿ ವಿರಾಜಪೇಟೆ ಹತ್ತಿರದ ಹಿರಿಯರ ಮನೆ, ಐನ್‌ಮನೆಯ ಬೀರುವಿನಲ್ಲಿ. ಎರಡು ಮಳೆಗಾಲ ಹಾಗೇ ಕಳೆದಿತ್ತು. ಕೊಡಗಿನ ಮಳೆಯಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ, ಕಬ್ಬಿಣದ ಪಾಡು ಕೇಳಬೇಕಾ?

ದೊಡ್ಡಪ್ಪ ಸುಬೇದಾರರಾಗಿ ನಿವೃತ್ತರಾದವರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹಳೇ ಪಂಚೆ ಹರಿದು ಚಿಂದಿ ಮಾಡಿದರು. ಪುಲ್‌ಥ್ರೂ ಹಗ್ಗದ ಕುಣಿಕೆಗೆ ಚಿಂದಿ ಸಿಕ್ಕಿಸಿ, ಎಣ್ಣೆಯಲ್ಲಿ ಅದ್ದಿ, "ಎಳಿ" ಅಂದರು. ಎಳೆದೆ. ಚಿಂದಿ ಕೆಂಪು ಮಣ್ಣಿನ ಬಣ್ಣವಾಗಿ ಹೊರಬಂತು. "ಇನ್ನೊಂದು." ಅದೂ ಕೆಂಪು.

ಆರನೆಯದೋ ಏಳನೆಯದೋ ಎಳೆಯುವಾಗ ದೊಡ್ಡಪ್ಪನ ಮೊಮ್ಮಗ ಜರ್ಮನಿಯಿಂದ ವಿಡಿಯೊ ಕಾಲ್ ಮಾಡಿದ. ಕೋವಿ ಕಂಡದ್ದೇ ತಡ, ಅಲ್ಲಿಯ ಸೈನ್ಯದ ಸುದ್ದಿ ಶುರು ಮಾಡಿದ. 2014ರಲ್ಲಿ ನಾರ್ವೆಯಲ್ಲಿ ನ್ಯಾಟೊ ಸಮರಾಭ್ಯಾಸ ನಡೆದಾಗ, ಜರ್ಮನ್ ಸೈನಿಕರ ಗಾಡಿಗೆ ಹಾಕಲು ಮಷೀನ್ ಗನ್ ಇರಲಿಲ್ಲವಂತೆ. ಪೊರಕೆ ಕೋಲಿಗೆ ಕಪ್ಪು ಬಣ್ಣ ಬಳಿದು ಆ ಜಾಗದಲ್ಲಿ ಕಟ್ಟಿದರಂತೆ.

ದೊಡ್ಡಪ್ಪ ಚಿಂದಿ ಕೆಳಗಿಟ್ಟರು. "ಪೊರಕೆ?"

"ಹೂಂ ಅಜ್ಜ, ಪೊರಕೆ ಕೋಲು."

ನಾನು ನಕ್ಕೆ. ಅವರು ನಗಲಿಲ್ಲ.

ಶೀತಲ ಸಮರ ಮುಗಿದ ಮೇಲೆ ಜರ್ಮನಿಯವರು ಇನ್ನು ಯುದ್ಧ ಎಲ್ಲಿ ಅಂತ ಸೈನ್ಯದ ಖರ್ಚನ್ನು ವರ್ಷ ವರ್ಷ ಇಳಿಸುತ್ತಾ ಬಂದರು. 2011ರಲ್ಲಿ ಕಡ್ಡಾಯ ಸೇನಾ ಸೇವೆಯನ್ನೂ ನಿಲ್ಲಿಸಿದರು. 2022ರಲ್ಲಿ ರಷ್ಯಾ ಉಕ್ರೇನಿಗೆ ನುಗ್ಗಿದಾಗ ಎಚ್ಚರವಾಗಿ ಸೈನ್ಯಕ್ಕೆಂದೇ 10,000 ಕೋಟಿ ಯೂರೊ ತೆಗೆದಿಟ್ಟರು. 2023ರ ಜನವರಿಯಲ್ಲಿ ಬೋರಿಸ್ ಪಿಸ್ಟೋರಿಯಸ್ ರಕ್ಷಣಾ ಮಂತ್ರಿಯಾದರು. ನಾವು ಯುದ್ಧಕ್ಕೆ ತಯಾರಿರಬೇಕು ಅಂತ ನೇರವಾಗಿ ಹೇಳಿದ ಮನುಷ್ಯ. ಎರಡು ಮಹಾಯುದ್ಧ ಕಂಡ ಆ ದೇಶದಲ್ಲಿ ಹಾಗೆ ಹೇಳಿದವರ ಕಥೆ ಮುಗಿಯಬೇಕಿತ್ತು. ಆದರೆ ಜನಮತ ಸಮೀಕ್ಷೆಗಳಲ್ಲಿ ಮತ್ತೆ ಮತ್ತೆ ಅವರೇ ಮುಂದೆ. ಸರ್ಕಾರ ಬದಲಾದರೂ ಅವರ ಕುರ್ಚಿ ಹೋಗಲಿಲ್ಲ. ಹಿಂದಿನ ವಾರವಷ್ಟೇ ಅಲ್ಲಿಯ ಸಂಪುಟ ಒಂದು ಮಸೂದೆಗೆ ಒಪ್ಪಿಗೆ ಕೊಟ್ಟಿತ್ತು: 18 ತುಂಬಿದ ಹುಡುಗರೆಲ್ಲ ಸೈನ್ಯ ಸೇರಲು ಇಷ್ಟ ಇದೆಯೋ ಇಲ್ಲವೋ ಅಂತ ಒಂದು ಫಾರಂ ತುಂಬಬೇಕು.

"ದುಡ್ಡು ಇದೆ, ಹುಡುಗರು ಇಲ್ಲ ಅಜ್ಜ. ಅದೇ ಕಷ್ಟ" ಅಂದ ಅವನು. ಅವನು ಕಾರ್ ಕಂಪನಿಯಲ್ಲಿ ಇಂಜಿನಿಯರ್. ನಾನು ಬ್ಯಾಂಕು. ನಮ್ಮ ಒಕ್ಕದಲ್ಲಿ, ಅಂದರೆ ಮನೆತನದಲ್ಲಿ, ಈಗ ಯೂನಿಫಾರಂನಲ್ಲಿರುವವರು ಒಬ್ಬರೂ ಇಲ್ಲ. ದೊಡ್ಡಪ್ಪ ಅದನ್ನು ಎತ್ತಲಿಲ್ಲ. ಗೋಡೆಯ ಮೇಲಿದ್ದ ಅಜ್ಜನ ಫೋಟೊ ನೋಡಿದರು, ಅಷ್ಟೇ.

ಆಮೇಲೆ ಅವರು ಹೇಳಿದ್ದು 62ರ ಚೀನಾ ಯುದ್ಧದ ಮಾತು. ನಮ್ಮ ಅಜ್ಜ ಆಗ ಈಶಾನ್ಯದ ಗಡಿಯಲ್ಲಿದ್ದರು. ಹಿಮದಲ್ಲಿ ಹತ್ತಿ ಬಟ್ಟೆ, ಕ್ಯಾನ್ವಾಸ್ ಬೂಟು, ಕೈಯಲ್ಲಿ ಒಂದೊಂದೇ ಗುಂಡು ಹೊಡೆಯುವ ಹಳೇ 303 ರೈಫಲ್. ರಜೆಗೆ ಬಂದಾಗ ಎಡಗಾಲಿನ ಎರಡು ಬೆರಳು ಇರಲಿಲ್ಲ. ನಮ್ಮ ಮಡಿಕೇರಿಯ ಜನರಲ್ ತಿಮ್ಮಯ್ಯನವರು 1959ರಲ್ಲೇ, ಸೇನಾ ಮುಖ್ಯಸ್ಥರಾಗಿದ್ದಾಗ, ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಜತೆ ಸರಿಹೋಗದೆ ರಾಜೀನಾಮೆ ಕೊಟ್ಟಿದ್ದರು. ನೆಹರೂ ಹೇಳಿದ್ದಕ್ಕೆ ವಾಪಸ್ ತೆಗೆದುಕೊಂಡರು. "ಅವತ್ತೇ ಗೊತ್ತಾಗಬೇಕಿತ್ತು, ಅಲ್ವಾ?" ಅಂದರು ದೊಡ್ಡಪ್ಪ. ತಿಮ್ಮಯ್ಯನವರ ವಿಷಯ ಬಂದರೆ ಕೊಡಗಿನಲ್ಲಿ ಯಾರೂ ತಕ್ಕಡಿ ಹಿಡಿದು ಮಾತಾಡುವುದಿಲ್ಲ, ನಾನೂ ಸೇರಿ.

ಸೋತ ಮೇಲೆ ಮೆನನ್ ಜಾಗಕ್ಕೆ ರಕ್ಷಣಾ ಮಂತ್ರಿಯಾಗಿ ಮುಂಬೈಯಿಂದ ಮಹಾರಾಷ್ಟ್ರದ ಮುಖ್ಯಮಂತ್ರಿ ಯಶವಂತರಾವ್ ಚವಾಣ್ ಬಂದರು. 1962ರ ನವೆಂಬರ್ 21. ಹಿಮಾಲಯದ ನೆರವಿಗೆ ಸಹ್ಯಾದ್ರಿ ಓಡಿತು ಅಂತ ಮರಾಠಿಗರು ಈಗಲೂ ಹೇಳುತ್ತಾರೆ. ಚವಾಣ್ ಮಾಡಿದ್ದು ಬಹುಪಾಲು ಲೆಕ್ಕಪತ್ರದ ಕೆಲಸ. ಸೇನೆಯ ಬಲ 8,25,000ಕ್ಕೆ ಏರಿಸುವ ಯೋಜನೆ, ಬೆಟ್ಟದಲ್ಲಿ ಕಾದಾಡಲೆಂದೇ ಹೊಸ ಡಿವಿಷನ್‌ಗಳು, 303 ಜಾಗಕ್ಕೆ ಹೊಸ ರೈಫಲ್. ದಂಡನಾಯಕರ ಜತೆ ಕೂತು ಅವರ ಮಾತು ಕೇಳುವುದನ್ನು ರೂಢಿ ಮಾಡಿಕೊಂಡರು. ನನಗೆ ಇದೇ ದೊಡ್ಡದು ಅನಿಸುತ್ತದೆ. ಆದರೆ ದೊಡ್ಡಪ್ಪನ ನೆನಪಿನಲ್ಲಿ ಉಳಿದದ್ದು ಬೇರೆ. "ಮುಂದಿನ ರಜೆಗೆ ನಿನ್ನ ಅಜ್ಜ ಉಣ್ಣೆ ಕೋಟು ಹಾಕ್ಕೊಂಡು ಬಂದ್ರು. ವಿರಾಜಪೇಟೆಯ ಬಿಸಿಲಲ್ಲಿ. ತೆಗೀರಿ ಅಂದ್ರೆ ತೆಗೀಲಿಲ್ಲ."

ಒಳಗಿನಿಂದ ಕಡಂಬುಟ್ಟು ಬೆಂದ ಹಬೆ, ಪಂದಿ ಕರಿಯ ಘಮ. ದೊಡ್ಡಮ್ಮ ಎರಡು ಸಲ ಕರೆದಾಯಿತು. ಹನ್ನೊಂದನೇ ಚಿಂದಿ ಬೂದು ಬಣ್ಣಕ್ಕೆ ಬಂತು. ದೊಡ್ಡಪ್ಪ ನಳಿಗೆಯನ್ನು ಮತ್ತೆ ಬೆಳಕಿಗೆ ಹಿಡಿದರು. ತುಕ್ಕು ಹೋಗಿತ್ತು, ಅದು ತಿಂದ ಗುಳಿಗಳು ಹೋಗಿರಲಿಲ್ಲ. "ಪೂಜೆಗೆ ಇಡು. ತೆಂಗಿನಕಾಯಿಗೆ ಇದರಲ್ಲಿ ಹೊಡೀಬೇಡ. ಪಕ್ಕದ ಮನೆಯವರದ್ದು ಇಸ್ಕೋ."

ಪಕ್ಕದ ಮನೆಯ ಕೋವಿ ಕೇಳಲು ಹೋಗುವುದಿದೆಯಲ್ಲ, ಆ ಐವತ್ತು ಹೆಜ್ಜೆ ನಾನು ಮರೆಯುವುದಿಲ್ಲ.

ಫೋನ್ ಇನ್ನೂ ಇಟ್ಟಿರಲಿಲ್ಲ. ಕೈ ಒರೆಸಿಕೊಳ್ಳುತ್ತಾ ದೊಡ್ಡಪ್ಪ ಕೇಳಿದರು, "ನಿಮ್ಮ ಆ ಮಂತ್ರಿ ಮಿಲಿಟರಿಯಲ್ಲಿ ಇದ್ದವನಾ?"

"1980ರಲ್ಲಿ ಕಡ್ಡಾಯ ಸೇವೆ ಮಾಡಿದ್ದಾರಂತೆ ಅಜ್ಜ. ಸಿಪಾಯಿಯಾಗಿ."

"ಹಾಗಾದ್ರೆ ಚಿಂದಿ ಎಳೆದಿರ್ತಾನೆ ಬಿಡು."