ಮುಚ್ಚಿದ ಬಾಗಿಲ ಮುಂದೆ ಒಂದು ಮಧ್ಯಾಹ್ನ

2024ರ ಏಪ್ರಿಲ್ ತಿಂಗಳು. ನನ್ನ ಎರಡೆಳೆ ಸರ, ನಾಲ್ಕು ಬಳೆ, ಮಗಳ ಜುಮುಕಿ ಎಲ್ಲವನ್ನೂ ಕರ್ಚೀಫಿನಲ್ಲಿ ಗಂಟು ಕಟ್ಟಿ, ಸ್ಟೀಲ್ ಡಬ್ಬಿಗೆ ಹಾಕಿ, ಬ್ಯಾಗಿನ ತಳದಲ್ಲಿಟ್ಟುಕೊಂಡು ನಾನೂ ನಮ್ಮ ಯಜಮಾನರೂ ಹಾಸನದ ಬಸ್ಸು ಹತ್ತಿದೆವು. ಒಡವೆ ಅಡ ಇಟ್ಟು ಎರಡು ಎಕರೆಗೆ ಶುಂಠಿ ಹಾಕೋಣ ಅಂತ.

ಶುಂಠಿ ಯಾಕೆ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2023ರಲ್ಲಿ 60 ಕೆಜಿ ಮೂಟೆಗೆ 10,000 ರೂಪಾಯಿ ದಾಟಿತ್ತು. ಹೊಲದಲ್ಲಿರೋ ಶುಂಠೀನೇ ರಾತ್ರಿ ಕಿತ್ತುಕೊಂಡು ಹೋಗ್ತಾರೆ ಅಂತ ಜನ ಟಾರ್ಚ್ ಹಿಡಿದು ಕಾವಲು ಕೂತಿದ್ದರು, ಕೆಲವರು ಕ್ಯಾಮೆರಾನೂ ಹಾಕಿಸಿದ್ದರು. ಅದನ್ನೆಲ್ಲ ನೋಡಿದ ಮೇಲೆ ಎಲ್ಲರ ಬಾಯಲ್ಲೂ ಒಂದೇ ಮಾತು. ಯಜಮಾನರ ಅಣ್ಣ, ನಮ್ಮ ಭಾವ, ದಿನಾ ಸಂಜೆ ಬಂದು ಜಗಲಿ ಮೇಲೆ ಕೂತು ಲೆಕ್ಕ ಹೇಳೋರು. ಎಕರೆಗೆ ಇಷ್ಟು ಮೂಟೆ ಬಿತ್ತನೆ, ಇಷ್ಟು ಇಳುವರಿ, ಇಷ್ಟು ದುಡ್ಡು. "ಈ ವರ್ಷ ಹಾಕ್ಲಿಲ್ಲ ಅಂದ್ರೆ ಇನ್ನು ಜನ್ಮದಲ್ಲಿ ಮೇಲೆ ಬರಲ್ಲ ಕಣಮ್ಮ" ಅನ್ನೋರು. ಬಿತ್ತನೆ ಶುಂಠಿ ಮಾರೋ ವ್ಯಾಪಾರಿ ಅಂತೂ ದಿನಕ್ಕೆರಡು ಸಲ ಫೋನ್ ಮಾಡ್ತಿದ್ದ.

ನನಗೆ ಒಳಗೊಳಗೇ ಭಯ. ಯಾಕಂದ್ರೆ 2022ರಲ್ಲಿ ಹೀಗೇ ಒಬ್ಬರ ಮಾತು ಕೇಳಿ ಪಂಜಾಬಿನ ಜಲಂಧರ್ ಕಡೆಯ ಬಿತ್ತನೆ ತಂದು ಆಲೂಗಡ್ಡೆ ಹಾಕಿದ್ದೆವು. ಮಳೆ ಬಿಡಲಿಲ್ಲ. ಅಂಗಮಾರಿ ರೋಗ ಬಂತು. ಬೆಳಿಗ್ಗೆ ಹಸಿರಾಗಿದ್ದ ಗಿಡದ ಎಲೆ ಅಂಚು ಸಂಜೆಗೆ ಸುಟ್ಟ ಹಾಗೆ ಕಪ್ಪಾಗಿತ್ತು, ಕಿತ್ತರೆ ಗೆಡ್ಡೆ ಕೈಯಲ್ಲೇ ಕರಗಿ ನಾರುತ್ತಿತ್ತು. ಆಮೇಲೆ ಹಾಕು ಅಂದವರನ್ನು ಕೇಳಿದರೆ, "ನಾನು ಸುಮ್ನೆ ಹೇಳ್ದೆ, ನೀವು ಯೋಚನೆ ಮಾಡಬೇಕಿತ್ತಲ್ವಾ" ಅಂದರು. ಆ ಮಾತು ನನ್ನ ಎದೆಯಲ್ಲಿ ಈಗಲೂ ಹಾಗೇ ಇದೆ. ಕೆಟ್ಟ ಮನುಷ್ಯರೇನಲ್ಲ ಅವರು. ಆದರೆ ಮಾತು ಕೊಡೋದು ಅವರು, ಸಾಲ ತೀರಿಸೋದು ನಾವು.

ಬ್ಯಾಂಕಿಗೆ ಹೋದರೆ ಚಿನ್ನ ನೋಡುವವರು ಮೂರು ಗಂಟೆಗೆ ಬರ್ತಾರೆ ಅಂದರು. ಆಗ ಹನ್ನೆರಡೂವರೆ. ಬಿಸಿಲಲ್ಲಿ ಎಲ್ಲಿ ಕೂರೋದು? "ಹಾಸನಾಂಬೆ ಗುಡಿ ಹತ್ರ ಹೋಗೋಣ ಬನ್ನಿ" ಅಂದೆ. "ಬಾಗಿಲು ತೆಗೆದಿರಲ್ವಲ್ಲೇ" ಅಂದರು ಅವರು. ನಿಜ. ಈ ಊರಿಗೆ ಹೆಸರು ಕೊಟ್ಟ ಅಮ್ಮ ವರ್ಷಕ್ಕೊಂದೇ ಸಲ ಬಾಗಿಲು ತೆಗೆಯೋದು, ಆಶ್ವಯುಜದ ಹುಣ್ಣಿಮೆ ಆದ ಮೇಲಿನ ಗುರುವಾರ. ದೀಪಾವಳಿ ಬಲಿಪಾಡ್ಯಮಿ ಕಳೆದ ಮೇಲೆ ಮತ್ತೆ ಮುಚ್ಚುತ್ತಾರೆ. ಮುಚ್ಚುವಾಗ ಹಚ್ಚಿಟ್ಟ ದೀಪ ಮುಂದಿನ ವರ್ಷ ತೆಗೆದಾಗಲೂ ಉರಿಯುತ್ತಾ ಇರುತ್ತೆ, ಮುಡಿಸಿದ ಹೂವು ಬಾಡಿರಲ್ಲ ಅಂತ ನಾವೆಲ್ಲ ನಂಬಿಕೊಂಡು ಬಂದವರು.

ಅದೇ ಆವರಣದಲ್ಲಿರೋ ಸಿದ್ದೇಶ್ವರನಿಗೆ ಕೈಮುಗಿದು ಬಂದು ಅಮ್ಮನ ಬಾಗಿಲ ಎದುರಿಗೆ ಕೂತೆವು. ಜನ ಇರಲಿಲ್ಲ. ಯಾರೋ ಒಂದು ಮೊಳ ಕಾಕಡ ಇಟ್ಟು ಹೋಗಿದ್ದರು, ಬಿಸಿಲಿಗೆ ಅದರ ಅಂಚು ಕಂದುತ್ತಿತ್ತು. ಡಬ್ಬಿ ತೊಡೆ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದೆ. ಅಮ್ಮಾ, ಹೇಳು, ಹಾಕೋದಾ ಬಿಡೋದಾ.

ಏನೂ ಕೇಳಿಸಲಿಲ್ಲ. ಹಲ್ಲಿ ಲೊಚಗುಟ್ಟಲಿಲ್ಲ, ಹೂ ಬೀಳಲಿಲ್ಲ. ಪಕ್ಕದಲ್ಲಿ ಯಜಮಾನರ ಫೋನ್ ಮಾತ್ರ ಬಿಟ್ಟೂ ಬಿಡದೆ ಹೊಡ್ಕೊಳ್ತಿತ್ತು. ಮೊದಲು ವ್ಯಾಪಾರಿ, ಸಂಜೆ ಲೋಡ್ ಬರುತ್ತೆ, ಈಗಲೇ ಹೇಳಿ ಅಂತ. ಆಮೇಲೆ ಭಾವ, ದುಡ್ಡು ಕೈಗೆ ಬಂತಾ ಅಂತ. ಮತ್ತೆ ವ್ಯಾಪಾರಿ, ಬೇರೆಯವರು ಕೇಳ್ತಿದ್ದಾರೆ, ಕೊಟ್ಟುಬಿಡ್ತೀನಿ ಅಂತ. ಆ ಮೂರನೇ ಫೋನಿಗೆ ನನಗೆ ಹೊಳೀತು. ಅವಸರ ಮಾಡ್ತಿರೋರೆಲ್ಲ ಮನುಷ್ಯರೇ. ಈ ಬಾಗಿಲ ಹಿಂದೆ, ಕತ್ತಲಲ್ಲಿ, ಯಾರ ಕಣ್ಣಿಗೂ ಬೀಳದ ದೀಪ ಇಟ್ಟುಕೊಂಡು ಕೂತಿರೋ ಅಮ್ಮನಿಗೆ ಎಳ್ಳಷ್ಟೂ ಅವಸರ ಇಲ್ಲ. ಬೆಳಕು ಕಾಣಿಸ್ತಿಲ್ಲ ಅಂದ ಮಾತ್ರಕ್ಕೆ ದೀಪ ಆರಿದೆ ಅಂತ ಅಲ್ವಲ್ಲ. ನನ್ನ ಕೈ ನಡುಗೋದು ನಿಂತಿತ್ತು. ಅದೇ ಅಮ್ಮನ ಉತ್ತರ ಅಂತ ನನಗೆ ಗೊತ್ತಾಯಿತು. ಬೇರೆಯವರಿಗೆ ಇದನ್ನು ಹೇಗೆ ವಿವರಿಸೋದು ಅಂತ ನನಗೆ ಬರಲ್ಲ, ಆದರೆ ಅಷ್ಟು ಖಾತ್ರಿಯಾಗಿ ಅದಕ್ಕೂ ಮುಂಚೆ ಯಾವತ್ತೂ ಏನೂ ಗೊತ್ತಾಗಿರಲಿಲ್ಲ.

"ರೀ, ಮನೆಗೆ ಹೋಗೋಣ" ಅಂದೆ.

ಅವರು ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಭಾವ ಒಂದು ತಿಂಗಳು ಜಗಲಿ ಹತ್ತಲಿಲ್ಲ. ನಾವು ಒಂದೂವರೆ ಎಕರೆಗೆ ಮುಸುಕಿನ ಜೋಳ, ಉಳಿದದ್ದಕ್ಕೆ ರಾಗಿ ಹಾಕಿದೆವು. ಆಗಸ್ಟಿನಲ್ಲಿ ಪಕ್ಕದ ಹೊಲದ ಶುಂಠಿ ಮೊಣಕಾಲು ದಾಟಿ ಬೆಳೆದು ಗಾಳಿಗೆ ತೂಗೋದು ನೋಡುವಾಗ ನನಗೂ ಹೊಟ್ಟೆಯಲ್ಲಿ ಸಂಕಟ ಆಗಿದೆ, ಸುಳ್ಳು ಯಾಕೆ ಹೇಳಲಿ. ಆ ವರ್ಷ ಅಕ್ಟೋಬರ್ 24ಕ್ಕೆ ಅಮ್ಮನ ಬಾಗಿಲು ತೆಗೆದರು. ಗಂಟೆಗಟ್ಟಲೆ ಸಾಲಲ್ಲಿ ನಿಂತು, ಒಂದು ಗಳಿಗೆ ಹುತ್ತದ ರೂಪದ ಅಮ್ಮನನ್ನು ನೋಡಿ, ಏನೂ ಬೇಡದೆ ಬಂದೆ.

2025ರ ಶುರುವಿನಲ್ಲಿ ಹೊಸ ಶುಂಠಿ ಮೂಟೆ 2,000ಕ್ಕೂ ಕೆಳಗೆ ಬಿತ್ತು. ಕೀಳೋ ಕೂಲಿಯೂ ಹುಟ್ಟಲ್ಲ ಅಂತ ಪಕ್ಕದವರು ಹೊಲದಲ್ಲೇ ಬಿಟ್ಟರು. ಅವರ ಮನೆಯಾಕೆ ನಮ್ಮ ಬಾವಿ ಕಟ್ಟೆ ಮೇಲೆ ಕೂತು ಅತ್ತಿದ್ದನ್ನು ನೋಡಿದ ಮೇಲೆ ನನಗೆ ಗೆದ್ದೆ ಅಂತ ಅನ್ನಿಸಲೇ ಇಲ್ಲ. ರೇಟು ಏರಿದ್ದರೂ ನಾನು ಇದನ್ನೇ ಬರೀತಿದ್ದೆ. ಆಗ ನಾಲ್ಕು ಜನ ನಕ್ಕಿರೋರು, ಅಷ್ಟೇ. ಮಣ್ಣಿಗೆ ಏನು ಹಾಕಬೇಕು, ಔಷಧಿ ಯಾವಾಗ ಹೊಡೀಬೇಕು ಅಂತ ಈಗಲೂ ತಿಳಿದವರನ್ನೇ ಕೇಳ್ತೀವಿ. ಮನೆಯ ಬದುಕನ್ನೇ ಪಣಕ್ಕಿಡೋ ಮಾತು ಬಂದಾಗ ಮಾತ್ರ ಮೊದಲು ಅಮ್ಮನ ಮುಂದೆ ಕೂರ್ತೀನಿ, ಅವಸರ ಇಳಿಯೋವರೆಗೂ ಏಳಲ್ಲ.

ಆ ವರ್ಷ ಯುಗಾದಿಗೆ ಮಗಳು ಜುಮುಕಿ ಹಾಕಿಕೊಂಡು ಓಡಾಡ್ತಿದ್ದಳು. ಭಾವ ಬಂದಿದ್ದರು, ಸೊರಗಿ ಹೋಗಿದ್ದರು. ಒಬ್ಬಟ್ಟು ಬಡಿಸಿದೆ. ತಟ್ಟೆ ನೋಡಿಕೊಂಡೇ ಕೇಳಿದರು, "ಈ ವರ್ಷ ಏನು ಹಾಕೋದಮ್ಮ?"

"ಇನ್ನೂ ಕೇಳಿಲ್ಲ ಭಾವ" ಅಂದೆ. "ಸೋಮವಾರ ಹಾಸನಕ್ಕೆ ಹೋಗ್ತಿದ್ದೀವಿ, ನೀವೂ ಬನ್ನಿ."